ಹನ್ನೊಂದನೇ ಪುಟದ ಉಪ್ಪು

ಮಲಯಾಳ ನಾಡಿನ ವೆಳ್ಳಮುಂಡದ ಜಿನಮತಿಯಮ್ಮನ ಪುಸ್ತಕ ಒಂದೇ ಗಂಟೆಯಲ್ಲಿ ಆಯ್ಕೆಯಾಗಿಬಿಟ್ಟಿತು. ಬೆಳಿಗ್ಗೆ ಹತ್ತಕ್ಕೆ ನೋಟುಬುಕ್ಕಿನ ಅರವತ್ತು ಪುಟಗಳ ಫೋಟೋ ತೆಗೆದು ಮೈಸೂರಿನ ಒಂದು ಪ್ರಕಾಶನಕ್ಕೆ ವಾಟ್ಸಾಪ್ ಮಾಡಿದ್ದರು. ಹನ್ನೊಂದಕ್ಕೆ ಉತ್ತರ: 'ನಮ್ಮ ಸಂಪಾದಕ ಮಂಡಳಿ ತಮ್ಮ ಕೃತಿಯನ್ನು ಕೂಲಂಕಷವಾಗಿ ಓದಿ ಮನಸೋತಿದೆ. ಒಂದಕ್ಷರವನ್ನೂ ಬದಲಿಸುವ ಅಗತ್ಯವಿಲ್ಲ.' ಕೆಳಗೆ ಮೂರು ಯೋಜನೆಗಳು, ಬೆಳ್ಳಿ, ಚಿನ್ನ, ವಜ್ರ. ವಜ್ರಕ್ಕೆ ಲೇಖಕಿಯ ಬಣ್ಣದ ಫೋಟೋ, ಬಿಡುಗಡೆ ಸಮಾರಂಭ, ಮೇಲೊಂದು ಪ್ರಶಸ್ತಿ. ದುಡ್ಡು ಮಾತ್ರ ಲೇಖಕಿಯದೇ.

ಕೃತಿಯ ಹೆಸರು 'ಸೊಪ್ಪಿಲ್ಲದ ನಾಲ್ಕು ತಿಂಗಳು'. ಜಡಿಮಳೆಯ ಕರ್ಕಾಟಕ ಮಾಸ ಬಂತೆಂದರೆ ಊರೆಲ್ಲ ಹುಡುಕಿ ಹುಡುಕಿ ಹತ್ತು ಬಗೆಯ ಸೊಪ್ಪು ತಿನ್ನುತ್ತದೆ. ಅದೇ ಹೊತ್ತಿಗೆ ಜೈನರ ಮನೆಗಳಲ್ಲಿ ಚಾತುರ್ಮಾಸವೆಂದು ಸೊಪ್ಪು ಬಂದ್. ಗೆಡ್ಡೆಗೆಣಸಂತೂ ವರ್ಷವಿಡೀ ಇಲ್ಲ. ಹಾಗಾದರೆ ಉಣ್ಣುವುದೇನು? ಸೊಸೆಯಂದಿರು ಈ ಪ್ರಶ್ನೆ ಕೇಳುವುದನ್ನೂ ಬಿಟ್ಟು ಹೋಟೆಲಿನಿಂದ ತರಿಸತೊಡಗಿದಾಗ ಜಿನಮತಿಯಮ್ಮ ಪೆನ್ನು ಹಿಡಿದರು. ತಮ್ಮ ನಂತರವೂ ಈ ಅಡುಗೆಯನ್ನು ಯಾರಾದರೂ ಓದಿ ಮಾಡಬೇಕು. ಅವರ ಆಸೆ ಅದೊಂದೇ.

"ದುಡ್ಡು ಕೊಟ್ಟು ಬರಹಗಾರ್ತಿ ಆಗೋದಾ?" ಎಂದು ಗಂಡ ಶಾಂತಿನಾಥ ಕಾಲೆಳೆದರು.

"ನಿಮ್ಮ ಮುತ್ತಜ್ಜಿ ನೋಂಪಿ ವ್ರತ ಮುಗಿಸಿದಾಗ ದುಡ್ಡು ಕೊಟ್ಟೇ ಅಲ್ವಾ ಓಲೆಗರಿ ಮೇಲೆ ಶಾಸ್ತ್ರ ಬರೆಸಿ ಹಂಚಿದ್ದು? ಅದು ಶಾಸ್ತ್ರದಾನ, ನಾನು ಮಾಡಿದ್ರೆ ಮರುಳಾ?"

ಶಾಂತಿನಾಥರು ಪೇಪರಿನ ಹಿಂದೆ ಮರೆಯಾದರು. ಜಿನಮತಿಯಮ್ಮನ ಅನಂತನ ನೋಂಪಿಗೂ ಈ ಭಾದ್ರಪದಕ್ಕೆ ಹದಿನಾಲ್ಕು ವರ್ಷ ತುಂಬುತ್ತಿತ್ತು. ವ್ರತ ಮುಗಿಸುವ ಉದ್ಯಾಪನೆಯ ದಿನ ನಲವತ್ತು ಹೆಂಗಸರಿಗೆ ನಲವತ್ತು ಪುಸ್ತಕ ಕೊಡಬೇಕೆಂದು ಆಗಲೇ ಲೆಕ್ಕ ಹಾಕಿದ್ದರು.

ವಜ್ರ ಯೋಜನೆಯನ್ನೇ ಆರಿಸಿ ಅದರ ಅರ್ಜಿ ಪ್ರಿಂಟ್ ತೆಗೆಸಲು ಪೇಟೆಯ ಡಿಟಿಪಿ ಅಂಗಡಿಗೆ ಹೋದರು. ಅಲ್ಲಿ ಟೈಪ್ ಮಾಡುವ ಜಿಷಾ ಪೆರಿಕಲ್ಲೂರಿನಿಂದ ಮದುವೆಯಾಗಿ ಬಂದವಳು. ಅವಳ ತವರಲ್ಲಿ ಹೊಳೆ ದಾಟಿದರೆ ಕರ್ನಾಟಕ, ಹಾಗಾಗಿ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ.

"ಎಂತ ಪುಸ್ತಕ ಅಮ್ಮಾ? ಒಂದು ಓದಿ, ಕೇಳುವ."

ಜಿನಮತಿಯಮ್ಮ ತಮ್ಮ ಹೆಮ್ಮೆಯ ಹನ್ನೊಂದನೇ ಪುಟವನ್ನೇ ತೆರೆದರು, ಹಲಸಿನ ಬೀಜದ ಸಾರು. ಬೀಜ ಬೇಯಿಸಿದ್ದಾಯಿತು, ಕಾಳುಮೆಣಸು ತೆಂಗಿನಕಾಯಿ ರುಬ್ಬಿ ಹಾಕಿದ್ದಾಯಿತು, ಹುಣಸೆಹುಳಿ ಬಿತ್ತು, ಒಗ್ಗರಣೆಯೂ ಚಟಪಟ ಎಂದಿತು.

"ಉಪ್ಪು ಯಾವಾಗ ಹಾಕೋದು?" ಜಿಷಾ ಕೇಳಿದಳು.

ಪುಟ ಹಿಂದೆ ಮುಂದೆ ತಿರುವಿದರು. ಎಲ್ಲೂ ಉಪ್ಪಿಲ್ಲ.

"ನೋಂಬಿನ ಅಡುಗೆಯಾ ಅಮ್ಮಾ?"

ವ್ರತಕ್ಕೆ ಉಪ್ಪು ಬಿಡುವುದು ಜೈನರಲ್ಲಿ ಇದ್ದದ್ದೇ. ಹೌದೆಂದು ತಲೆಯಾಡಿಸಿದ್ದರೆ ಮಾನ ಉಳಿಯುತ್ತಿತ್ತು. "ಇಲ್ಲ ಮೋಳೇ, ಮರ್ತೋಯ್ತು" ಎಂದು ಮಗಳಿಗೆ ಹೇಳುವಂತೆ ಒಪ್ಪಿಕೊಂಡರು. ಹುಡುಕಿದರೆ ಇನ್ನೂ ಎಂಟು ಅಡುಗೆಗಳು ಸಪ್ಪೆ! ನಲವತ್ತು ವರ್ಷ ಕೈ ತಾನಾಗಿ ಹಾಕಿದ ಉಪ್ಪು ಪೆನ್ನಿಗೆ ಗೊತ್ತೇ ಆಗಿರಲಿಲ್ಲ.

ಆದರೆ ಕೂಲಂಕಷವಾಗಿ ಓದಿದ ಮಂಡಳಿಗೆ? ಅಲ್ಲೇ ನಿಂತು ಮೈಸೂರಿಗೆ ಫೋನ್ ಮಾಡಿದರು. "ಹನ್ನೊಂದನೇ ಪುಟ ಹೇಗಿತ್ತು?"

"ಅಯ್ಯೋ ಮೇಡಂ, ಆ ತಾಯಿಯ ಪಾತ್ರ! ಕಣ್ಣಲ್ಲಿ ನೀರು ಬಂತು."

ಫೋನ್ ಇಟ್ಟ ಜಿನಮತಿಯಮ್ಮನಿಗೆ ನಗುವೂ ಬಂತು, ಅದರ ಬೆನ್ನಿಗೇ ಅಳುವೂ ಬಂತು. ಅರವತ್ತು ಪುಟ ಬರೆದಿದ್ದರು, ಯಾರೂ ಓದಿರಲಿಲ್ಲ.

ಜಿಷಾ ಸ್ಟೂಲು ಎಳೆದು ಕೊಟ್ಟಳು. "ನೀವು ಹೇಳಿ, ನಾನು ಟೈಪ್ ಹೊಡೀತೇನೆ. ಮಾತು ಕನ್ನಡದ್ದೇ ಇರ್ಲಿ, ಅಕ್ಷರ ಮಲಯಾಳಂ. ಸಾಕಾ?"

ಸಾಕೇ ಎಂದರೆ! ಸೊಸೆಯಂದಿರಿಗೂ ಬರುವುದು ಆ ಅಕ್ಷರವೇ. ಜಿನಮತಿಯಮ್ಮ ವಜ್ರದ ಅರ್ಜಿ ಮಡಚಿ ಚೀಲಕ್ಕೆ ಹಾಕಿ ಕೂತರು. ನಾಲ್ಕು ದಿನ ನಡೆಯಿತು. ಜಿಷಾ ಪ್ರತಿ ಸಾಲಿಗೂ ನಿಲ್ಲಿಸಿ ಎಷ್ಟು, ಯಾಕೆ, ಎಷ್ಟು ಹೊತ್ತು ಎಂದು ಕೇಳಿ ಕೇಳಿ ಅವರ ಜೀವ ತಿಂದಳು.

ಉದ್ಯಾಪನೆಯಲ್ಲಿ ಫಲತಾಂಬೂಲದ ಜೊತೆ ಆ ಅಂಗಡಿಯಲ್ಲೇ ಅಚ್ಚಾದ ನಲವತ್ತು ಪುಸ್ತಕ ಹಂಚಿಹೋಯಿತು. ನಲವತ್ತೊಂದನೆಯದು ಜಿಷಾಳಿಗೆ. ಹೆಂಗಸರು ಮುಖಪುಟ ಚೆನ್ನಾಗಿದೆ ಎಂದರು, ಸೊಸೆಯಂದಿರು ಫೋಟೋ ತೆಗೆದು ಸ್ಟೇಟಸ್ ಹಾಕಿದರು. ಅಡುಗೆಯ ಸುದ್ದಿ ಯಾರೂ ಎತ್ತಲಿಲ್ಲ. ಒಂದು ವಾರ ಜಿನಮತಿಯಮ್ಮ ಫೋನ್ ಸದ್ದಾದಾಗಲೆಲ್ಲ ಎದ್ದು ಓಡಿದರು.

ಎಂಟನೇ ದಿನ ಜಿಷಾಳ ಫೋನು. "ಅಮ್ಮಾ, ಇವತ್ತು ಹನ್ನೊಂದನೇ ಪೇಜು ಮಾಡಿದ್ವಿ. ಬೇಜಾರಾಗ್ಬೇಡಿ. ಉಪ್ಪು ಒಂಚೂರು ಜಾಸ್ತಿ ಅಂತ ಅತ್ತೆ ಹೇಳ್ತಾರೆ."

ಜಿನಮತಿಯಮ್ಮ ಫೋನ್ ಹಿಡಿದುಕೊಂಡೇ ಅಂಗಳದಲ್ಲಿದ್ದ ಗಂಡನ ಬಳಿಗೆ ಓಡಿದರು.

"ಕೇಳಿದ್ರಾ! ಉಪ್ಪು ಜಾಸ್ತಿಯಂತೆ!"