‘ಏನಪ್ಪಾ’ ಅಂದದ್ದೇ ತಪ್ಪಾಯಿತು

“ಅಮ್ಮಾ, ಸಾಹೇಬ್ರ ಜತೆ ಸ್ವಲ್ಪ ಮರ್ಯಾದೆಯಿಂದ ಮಾತಾಡ್ರಿ.”

ಚಿತ್ರದುರ್ಗದ ಕೇಬಲ್ ಚಾನೆಲ್ಲಿನ ನೇರ ಸಂದರ್ಶನದಲ್ಲಿ ನಿರೂಪಕ ಹೀಗೆ ಗದರಿದ್ದು ನನ್ನ ದೊಡ್ಡಮ್ಮನನ್ನು. ಹೋದ ತಿಂಗಳ ಮೊದಲ ಭಾನುವಾರ. ಹೊಳಲ್ಕೆರೆ ಕಡೆಯ ಹಳ್ಳಿಯಿಂದ ನಮ್ಮ ಮನೆಗೆ ಬಂದಿದ್ದಳು. ಟೀವಿಯಲ್ಲಿ ತಾನು ಓಟು ಹಾಕಿದ ನಾಯಕರು ಕಂಡರು. ಫೋನ್ ಹಚ್ಚಿಕೊಡು ಎಂದಳು. ಹಚ್ಚಿಕೊಟ್ಟೆ. (ಲೈನ್ ಸಿಕ್ಕಿದ್ದು ಒಂಬತ್ತನೇ ಸಲಕ್ಕೆ. ಇಂಥದ್ದನ್ನೆಲ್ಲ ಡೈರಿಯಲ್ಲಿ ಬರೆದಿಡುವುದು ನನ್ನ ಅಭ್ಯಾಸ.)

“ಏನಪ್ಪಾ, ನಮ್ಮೂರ ಆಸ್ಪತ್ರೆ ಆಂಬುಲೆನ್ಸಿಗೆ ಡ್ರೈವರ್‌ನ ಯಾವಾಗ ಕೊಡ್ತೀಯ? ನನ್ ಸೊಸೆಗೆ ದಿನ ತುಂಬ್ತಾ ಬಂದೈತೆ.”

ಇಷ್ಟೇ ಅವಳು ಕೇಳಿದ್ದು. ‘ಏನಪ್ಪಾ’ ಅಂತ ಅವಳು ತನ್ನ ಮಗನನ್ನೂ ಕರೆಯುತ್ತಾಳೆ, ನನ್ನನ್ನೂ. ಮನೆಯವನು ಎಂದುಕೊಂಡವನನ್ನು ನಮ್ಮ ಕಡೆ ಕರೆಯುವುದೇ ಹಾಗೆ.

ನಿರೂಪಕ ಗದರಿದ ಮೇಲೆ ನಾಯಕರು ನಕ್ಕರು. ಇರಲಿ ಬಿಡ್ರಿ, ನಮ್ಮ ತಾಯಿ ಇದ್ದಂಗೆ ಎಂದರು. ತಾಯಂದಿರ ಬೈಗುಳವೇ ತಮಗೆ ಆಶೀರ್ವಾದ ಎಂದರು. (ಬೈದವರು ಯಾರು?) ಕ್ಯಾಮೆರಾಗೆ ಕೈಮುಗಿದರು. ನಿರೂಪಕ ಅವರ ಸರಳತೆಯನ್ನು ಕೊಂಡಾಡಿದ. ಆ ಅರ್ಧ ಗಂಟೆಯಲ್ಲಿ ‘ತಾಯಿ’ ಎಂಬ ಮಾತು ಹದಿನಾಲ್ಕು ಸಲ ಬಂತು. ‘ಡ್ರೈವರ್’ ಒಂದೇ ಸಲ. ಅದೂ ದೊಡ್ಡಮ್ಮನ ಬಾಯಲ್ಲಿ.

ಲೈನ್ ಆಗಲೇ ಕಟ್ಟಾಗಿತ್ತು. ಅವಳು ರಿಸೀವರ್ ಹಿಡಿದುಕೊಂಡೇ ನನ್ನತ್ತ ತಿರುಗಿದಳು. “ನಾನೇನ್ ಕೆಟ್ಟದ್ದಂದೆ?”

ಊರಿನಲ್ಲೂ ಅದೇ ಮಾತು. ದೊಡ್ಡವರಿಗೆ ಹಾಗೆ ಏಕವಚನದಲ್ಲಿ ಅನ್ನಬಾರದಿತ್ತು ಎಂದರು ಮೇಷ್ಟ್ರು. ಮುಂದಿನ ಸಲ ಮಂತ್ರಿಗಳನ್ನ ‘ಲೇ’ ಅಂತ ಕರೀತೀಯೇನಜ್ಜಿ ಎಂದು ಬಸ್ಸಿನಲ್ಲಿ ಯಾರೋ ಛೇಡಿಸಿದರಂತೆ. ಆಂಬುಲೆನ್ಸಿನ ಬಗ್ಗೆ? ಯಾರೂ ಏನೂ ಕೇಳಲಿಲ್ಲ.

ಮೂರನೇ ವಾರ ಸೊಸೆಗೆ ನೋವು ಕಾಣಿಸಿಕೊಂಡಿತು. ಆಂಬುಲೆನ್ಸ್ ಶೆಡ್ಡಿನಲ್ಲೇ ನಿಂತಿತ್ತು, ಚೆನ್ನಾಗಿ ತೊಳೆಸಿಕೊಂಡು. ಟ್ರ್ಯಾಕ್ಟರಿನಲ್ಲಿ ಹುಲ್ಲು ಹಾಸಿ ಚಿತ್ರದುರ್ಗಕ್ಕೆ ಹೊರಟರು. ದಾರಿಯಲ್ಲೇ ಹೆರಿಗೆಯಾಯಿತು. ಸೊಸೆ ಉಳಿದಳು. ಮಗು ಅಳಲೇ ಇಲ್ಲ.

ಹೋದ ವಾರ ನಾಯಕರು ದೊಡ್ಡಮ್ಮನ ಮನೆಗೇ ಬಂದರು. ನಾನೂ ಅಲ್ಲಿದ್ದೆ. ಚಪ್ಪಲಿ ಹೊರಗೆ ಬಿಟ್ಟರು. ತಗ್ಗಿದ ದನಿಯಲ್ಲಿ ‘ತಾಯಿ’ ಎಂದರು. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

“ಬರ್ರಿ ಸಾಹೇಬ್ರೆ. ಕುಂತ್ಕಳ್ರಿ.”

ಅಜ್ಜಿ ಈಗ ಮಾತು ಕಲಿತಳು ಎಂದು ಜತೆಗೆ ಬಂದವರು ತಲೆದೂಗಿದರು. ಆ ಒಂದು ‘ರಿ’ಯಲ್ಲಿ ಅವಳು ಅವರನ್ನು ಮನೆಯಿಂದ ಹೊರಗೆ ಹಾಕಿದ್ದು ಒಬ್ಬರಿಗಾದರೂ ಕೇಳಿಸಿತೇ?