ಅಪ್ಪನ ಎಡಗೈ ಸಹಿ

ಆ ತಿಂಗಳು ನಮ್ಮ ಮನೆಗೆ ಬಂದವರೆಲ್ಲ ಸೇಬು ತಂದರು. ಯಾವ ದಿನ ಯಾರು ಬಂದರು, ಏನು ತಂದರು ಎಂದು ಡೈರಿಯಲ್ಲಿ ಗುರುತು ಹಾಕಿಕೊಳ್ಳುವುದು ನನ್ನ ಅಭ್ಯಾಸ. ಎರಡನೇ ವಾರದಿಂದ ‘ಸೇಬು’ ಎಂದು ಬರೆಯುವುದನ್ನು ಬಿಟ್ಟು ಬರೀ ಗೀಟು ಎಳೆಯುತ್ತಿದ್ದೆ. ಬಂದವರು ಅಪ್ಪನ ಬ್ಯಾಂಡೇಜು ಸುತ್ತಿದ ಬಲಗೈ ನೋಡುತ್ತಿದ್ದರು, ಆಮೇಲೆ ಟಿವಿ ನೋಡುತ್ತಿದ್ದರು. ಕರೆಂಟ್ ಇಲ್ಲದ ದಿನ ನೋಡಲು ಬೇರೇನೂ ಇಲ್ಲದೆ ಬೇಗ ಎದ್ದು ಹೋಗುತ್ತಿದ್ದರು.

ಆ ವರ್ಷ ನೈರೋಬಿಯಲ್ಲಿ ಕರೆಂಟ್ ಪಾಳಿಯ ಮೇಲೆ ಬರುತ್ತಿತ್ತು. ಅಪ್ಪನ ಕೈಗೆ ಪೆಟ್ಟಾದದ್ದೂ ಹಾಗೆಯೇ. ಇಂಡಸ್ಟ್ರಿಯಲ್ ಏರಿಯಾದ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಅವರು ಮೆಂಟೆನೆನ್ಸ್ ಇಂಜಿನಿಯರ್. ಕರೆಂಟ್ ಹೋದಾಗ ಬಕೆಟ್ ಅಚ್ಚು ಹಾಕುವ ಯಂತ್ರ ಅರ್ಧದಲ್ಲಿ ಕಚ್ಚಿಕೊಂಡಿತ್ತು. ಬಿಡಿಸಲು ಕೈ ಹಾಕಿದರು. ಅಷ್ಟರಲ್ಲಿ ಯಾರೋ ಜನರೇಟರ್ ಹಾಕಿದರು. ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳು ಹೋದವು.

ಪಂಗಾನಿ ಬಡಾವಣೆಯ ನಮ್ಮ ಮನೆ ಕಂಪನಿಯದು, ಕಾರು ಕಂಪನಿಯದು, ನಾವು ಈ ದೇಶದಲ್ಲಿರಲು ಬೇಕಾದ ಪರ್ಮಿಟ್ಟೂ ಕಂಪನಿ ಮಾಡಿಸಿಕೊಟ್ಟದ್ದು. ತಮ್ಮನ ಬೋರ್ಡ್ ಪರೀಕ್ಷೆಗೆ ಇನ್ನೂ ಎರಡು ಟರ್ಮ್ ಬಾಕಿ ಇತ್ತು. ನಾನು ಅಪ್ಪರ್ ಹಿಲ್‌ನ ಒಂದು ಆಡಿಟ್ ಆಫೀಸಿನಲ್ಲಿ ಟ್ರೇನಿ; ನನಗೆ ಸಿಗುತ್ತಿದ್ದುದು ಮಟಾಟು ವ್ಯಾನಿನ ಚಾರ್ಜಿಗೂ ಮಧ್ಯಾಹ್ನದ ಊಟಕ್ಕೂ ಸರಿಹೋಗುತ್ತಿತ್ತು. ಕುಳಿತಲ್ಲಿ ಕುಳಿತಿರಲಾಗದೆ ಸಂಜೆಯೆಲ್ಲ ಅಡುಗೆಮನೆಗೂ ಗೇಟಿಗೂ ಓಡಾಡುತ್ತಿದ್ದೆ.

ಮೂರನೇ ಭಾನುವಾರ ಕಾರ್ಖಾನೆಯ ಮ್ಯಾನೇಜರ್ ಬಂದರು. ಮಂಗಳೂರಿನವರು. ಅಪ್ಪನನ್ನು ಈ ಕೆಲಸಕ್ಕೆ ಕರೆಸಿಕೊಂಡವರೇ ಅವರು. ಒಂಟಿಯಾಗಿದ್ದುದರಿಂದ ಭಾನುವಾರದ ಊಟ ನಮ್ಮಲ್ಲೇ. ಅವರು ಸೇಬು ತಂದಿರಲಿಲ್ಲ. ಒಂದು ಟೈಪ್ ಮಾಡಿದ ಕಾಗದವನ್ನೂ ಜೇಬಿನಿಂದ ಒಂದು ಇಂಕ್ ಪ್ಯಾಡನ್ನೂ ತೆಗೆದು ಟೀಪಾಯಿಯ ಮೇಲಿಟ್ಟರು.

“ಸಾಹೇಬ್ರು ದೊಡ್ಡ ಮನಸ್ಸು ಮಾಡಿದ್ದಾರೆ ಮಾರಾಯ್ರೆ. ಹತ್ತು ತಿಂಗಳ ಸಂಬಳ ಒಟ್ಟಿಗೆ, ನಾಲ್ಕು ಜನಕ್ಕೂ ಟಿಕೆಟ್. ಮುಂದಿನ ತಿಂಗಳು ಆರಾಮಾಗಿ ಊರಿಗೆ ಹೋಗಿ.”

“ಟಿಕೆಟ್ ಯಾರು ಕೇಳಿದ್ರು?” ಎಂದಳು ಅಮ್ಮ.

“ಅತ್ತಿಗೆ, ನಿಮ್ಗೆ ಯಾವಾಗ್ಲೂ ನನ್ನ ಮೇಲೇ ಕೋಪ. ಒಂದು ಕಾಫಿಯಾದ್ರೂ ಕೊಡಿ.”

“ಹಾಲಿಲ್ಲ.”

ಹಾಲಿತ್ತು.

ಅಪ್ಪ ಕಾಗದವನ್ನು ಎಡಗೈಯಲ್ಲಿ ಹಿಡಿದು ನಿಧಾನವಾಗಿ ಓದಿದರು. ಮತ್ತೆ ಮೊದಲಿಂದ ಓದಿದರು.

“ಬರೆಯೋದು ಕಷ್ಟ ಅಂತ ಪ್ಯಾಡ್ ತಂದಿದ್ದೇನೆ. ಎಡಗೈ ಹೆಬ್ಬೆಟ್ಟು ಸಾಕು,” ಎಂದರು ಮ್ಯಾನೇಜರ್.

“ಹೆಬ್ಬೆಟ್ಟಾ? ನಾನು ಬಿ.ಇ. ಕಣಯ್ಯಾ.”

“ಬರೀ ಫಾರ್ಮಾಲಿಟಿ ಅಲ್ವಾ?”

“ಸಹಿ ಮಾಡೋದು ಕಲಿತ್ಮೇಲೆ ಹೇಳ್ತೀನಿ. ಅಲ್ಲೀವರ್ಗೂ ಆ ಪ್ಯಾಡ್ ನಿನ್ನ ಜೇಬಲ್ಲೇ ಇರ್ಲಿ.”

“ಎಂತದು, ನರ್ಸರಿಯಿಂದ ಶುರು ಮಾಡ್ತೀರಾ?”

“ಎಲ್‌ಕೆಜಿ, ಯುಕೆಜಿ ಎರಡೂ ಆಗ್ಬೇಕು.”

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಮಾಲೀಕರ ಮನಸ್ಸು ಬದಲಾದರೆ, ಆ ದುಡ್ಡೂ ಇಲ್ಲವಾದರೆ ಎಂದು ಲೆಕ್ಕ ಹಾಕುತ್ತಿದ್ದೆ. ಮರುದಿನದಿಂದ ಅಪ್ಪ ಹಳೆಯ ಪೇಪರುಗಳ ಅಂಚಿನಲ್ಲಿ ಎಡಗೈಯಲ್ಲಿ ಸಹಿ ಗೀಚತೊಡಗಿದರು. ಪೆನ್ನು ಜಾರುತ್ತಿತ್ತು, ಕಾಗದ ಹರಿಯುತ್ತಿತ್ತು. “ಲುಕ್ಸ್ ಲೈಕ್ ಎ ಸ್ಪೈಡರ್, ಅಪ್ಪಾ,” ಎಂದ ತಮ್ಮ. ಬೆರಳು ಹೋದ ಮೇಲೂ ಈ ಜಂಭವೇ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಆ ವಾರ ಆಫೀಸಿನಲ್ಲಿ ನನ್ನ ಮೇಲಿನ ಆಡಿಟರ್ ಹೆಂಗಸನ್ನು ವಿಚಾರಿಸಿದೆ. ಕೆಲಸದಲ್ಲಿ ಪೆಟ್ಟಾದರೆ ಲೇಬರ್ ಆಫೀಸಿಗೆ ತಿಳಿಸಬೇಕು, ಡಾಕ್ಟರು ಪೆಟ್ಟನ್ನು ಅಳೆಯುತ್ತಾರೆ, ಪರಿಹಾರವನ್ನು ಸಂಬಳದ ಮೇಲೆ ಲೆಕ್ಕ ಹಾಕುತ್ತಾರೆ ಎಂದು ಅವರು ಹೇಳಿದರು. “ನಾಳೆ ಪೇಸ್ಲಿಪ್ ತಾ, ನೋಡೋಣ.”

ಮನೆಯಲ್ಲಿ ಅಪ್ಪನ ಪೇಸ್ಲಿಪ್ ತೆಗೆದು ನೋಡಿದವಳು ಮರುದಿನ ಒಯ್ಯಲಿಲ್ಲ. ಅದರಲ್ಲಿದ್ದುದು ಅರ್ಧ ಸಂಬಳ. ಇನ್ನರ್ಧವನ್ನು ಮಾಲೀಕರು ಮೈಸೂರಿನಲ್ಲಿದ್ದ ಅಪ್ಪನ ಬ್ಯಾಂಕ್ ಖಾತೆಗೆ ರೂಪಾಯಿಯಲ್ಲಿ ಹಾಕಿಸುತ್ತಿದ್ದರು. ಇಲ್ಲಿ ತೆರಿಗೆ ಕಡಿಮೆ, ಅಲ್ಲಿ ಉಳಿತಾಯ. ನಮಗೆ ಗೊತ್ತಿದ್ದ ಕನ್ನಡದವರ ಮನೆಗಳಲ್ಲೆಲ್ಲ ಇದೇ ಏರ್ಪಾಡು. ಅದನ್ನು ಯಾರೂ ತಪ್ಪೆಂದು ಅಂದುಕೊಂಡವರಲ್ಲ. ಕಾಗದದಲ್ಲಿದ್ದ ಮೊತ್ತವೂ ಪೇಸ್ಲಿಪ್ಪಿನ ಲೆಕ್ಕದ್ದೇ; ಮ್ಯಾನೇಜರ್ ತಂದ ಹತ್ತು ತಿಂಗಳ ಸಂಬಳವೆಂದರೆ ನಿಜದಲ್ಲಿ ಐದು ತಿಂಗಳದ್ದು.

ಅಪ್ಪನಿಗೆ ಹೇಳಿದೆ. ಅವರು ಗೀಚುವುದನ್ನು ನಿಲ್ಲಿಸಲಿಲ್ಲ.

“ಅವತ್ತೇ ನೋಡ್ದೆ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಏನಂತ ಹೇಳ್ಲಿ? ಅರ್ಧ ಊರಲ್ಲಿ ಹಾಕಿ ಅಂತ ಕೇಳ್ಕೊಂಡೋನೇ ನಾನು. ಈಗ ಹೋಗಿ ಪೂರ್ತಿ ತೋರಿಸಿದ್ರೆ ಹಳೇ ಟ್ಯಾಕ್ಸೆಲ್ಲ ಕೇಳ್ತಾರೆ. ಸಾಹೇಬ್ರು ಸಿಟ್ಟಲ್ಲಿ ಪರ್ಮಿಟ್ ಕ್ಯಾನ್ಸಲ್ ಮಾಡ್ಸಿದ್ರೆ? ಯೋಚ್ನೆ ಮಾಡೋಕೆ ಟೈಮ್ ಬೇಕಿತ್ತು.”

ಅಮ್ಮ ಚಪಾತಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. “ಟ್ಯಾಕ್ಸ್ ಕಟ್ಟೋದಿದ್ರೆ ಕಟ್ಟೋಣ. ನೀವೇನು ಅಲ್ಲಿ ಅರ್ಧ ದಿನ ಕೆಲಸ ಮಾಡ್ತಿದ್ರಾ?”

“ಪರ್ಮಿಟ್ ಹೋದ್ರೆ?”

“ಆ ಕಾಗ್ದಕ್ಕೆ ಸಹಿ ಹಾಕಿದ್ರೂ ಹೋಗೋದೇ ತಾನೆ? ಮುಂದಿನ ತಿಂಗಳೇ ಟಿಕೆಟ್ ಅಂದ್ರಲ್ಲ ನಿಮ್ಮ ಫ್ರೆಂಡು.”

ಅಪ್ಪ ಪೆನ್ನು ಕೆಳಗಿಟ್ಟು, ಲೇಬರ್ ಆಫೀಸು ಎಲ್ಲಿದೆ ಎಂದು ನನ್ನನ್ನು ಕೇಳಿದರು. ಆ ಹೊತ್ತಿಗೆ ಕಂಪನಿ ಕಾರನ್ನು ವಾಪಸ್ ತೆಗೆದುಕೊಂಡಿತ್ತು. ಗುರುವಾರ ನಾನು ರಜೆ ಹಾಕಿದೆ. ಅಪ್ಪನೂ ನಾನೂ ಮಟಾಟು ಹತ್ತಿ ಲೇಬರ್ ಆಫೀಸಿಗೆ ಹೋದೆವು. ದಾರಿಯುದ್ದಕ್ಕೂ ಅಪ್ಪ ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿಕೊಂಡು, ಎಡಗೈ ಬೆರಳಿನಿಂದ ಮಂಡಿಯ ಮೇಲೆ ಸಹಿ ಮಾಡುತ್ತಲೇ ಇದ್ದರು.

ಅಲ್ಲಿಯ ಅಧಿಕಾರಿ ವಯಸ್ಸಾದವರು. ಅಪಘಾತದ ವಿವರ ಬರೆದುಕೊಂಡು ಕೊನೆಗೆ ಸಂಬಳ ಎಷ್ಟು ಎಂದು ಕೇಳಿದರು. ಅಪ್ಪ ನನ್ನತ್ತ ತಿರುಗಿದರು. ನನ್ನ ಚೀಲದ ಒಂದು ಖಾನೆಯಲ್ಲಿ ಪೇಸ್ಲಿಪ್, ಇನ್ನೊಂದರಲ್ಲಿ ಮೈಸೂರಿನ ಪಾಸ್‌ಬುಕ್. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.

“ಎರಡೂ ಕೊಡು,” ಎಂದರು ಅಪ್ಪ ನನಗೆ.

ಅಧಿಕಾರಿ ಎರಡನ್ನೂ ಅಕ್ಕಪಕ್ಕ ಇಟ್ಟು, ಕನ್ನಡಕದ ಮೇಲಿಂದ ನಮ್ಮನ್ನು ನೋಡಿ, ಏನೂ ಕೇಳದೆ ಬರೆದುಕೊಂಡರು. ಆಮೇಲೆ ಅಪ್ಪನ ಕೈ ನೋಡಿ ಇಂಕ್ ಪ್ಯಾಡನ್ನು ಮುಂದೆ ತಳ್ಳಿದರು. ಅಪ್ಪ ಪೆನ್ನು ಕೇಳಿದರು. ಸಹಿ ಮುಗಿಯಲು ಬಹಳ ಹೊತ್ತು ಹಿಡಿಯಿತು. ಕೊನೆಯ ಅಕ್ಷರ ಗೆರೆ ಬಿಟ್ಟು ಕೆಳಗೆ ಜಾರಿತ್ತು. “ಸವಾ,” ಸರಿ, ಎಂದು ಸ್ವಾಹಿಲಿಯಲ್ಲಿ ಹೇಳಿ ಅಧಿಕಾರಿ ಮೊಹರು ಒತ್ತಿದರು.

ಕಂಪನಿಗೆ ನೋಟಿಸ್ ತಲುಪಿದ ದಿನ ಮ್ಯಾನೇಜರ್ ಫೋನ್ ಮಾಡಿದರು. ಫೋನ್ ಎತ್ತಿದವಳು ನಾನು.

“ನಿನ್ನಪ್ಪ ಎಂತ ಮಾಡಿದ್ರು ಮಗಾ? ನನ್ನ ಸಂಬಳವೂ ಹಾಗೇ ಬರೋದು. ನಾಳೆ ನನ್ನ ಪಾಸ್‌ಬುಕ್ ಕೇಳಿದ್ರೆ?”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು.

ಮಳೆ ಮುಗಿಯುವ ಹೊತ್ತಿಗೆ ತೀರ್ಮಾನವಾಯಿತು. ಲೆಕ್ಕ ಪೂರ್ತಿ ಸಂಬಳದ ಮೇಲೆ. ಅದರಲ್ಲಿ ಹಳೆಯ ತೆರಿಗೆಗೆಂದು ಒಂದು ಪಾಲು ಹೋಯಿತು. ವಿಷಯ ದೊಡ್ಡದಾಗುವುದು ಮಾಲೀಕರಿಗೂ ಬೇಕಿರಲಿಲ್ಲ. ತಮ್ಮನ ಪರೀಕ್ಷೆ ಮುಗಿಯುವವರೆಗೆ ಮನೆ ನಮ್ಮಲ್ಲೇ ಉಳಿಯಿತು, ಪರ್ಮಿಟ್ಟೂ. ಆ ಮೊತ್ತವನ್ನು ಡೈರಿಯಲ್ಲಿ ಬರೆದು ಅಡಿಗೆರೆ ಎಳೆದೆ. ನಿದ್ದೆ ಮಾತ್ರ ಬೇಗ ಬರಲಿಲ್ಲ.

ಮ್ಯಾನೇಜರ್ ಮತ್ತೆ ಊಟಕ್ಕೆ ಬರಲಿಲ್ಲ. ದೇವಸ್ಥಾನದಲ್ಲಿ ನಮ್ಮನ್ನು ಕಂಡರೆ ಚಪ್ಪಲಿ ಹುಡುಕುತ್ತಾ ನಿಲ್ಲುತ್ತಿದ್ದರು. ಆದರೂ ಭಾನುವಾರ ಅಮ್ಮ ಒಂದು ಪ್ಯಾಕೆಟ್ ಹಾಲು ಹೆಚ್ಚಿಗೆ ತರಿಸುತ್ತಿದ್ದಳು. ಗೇಟಿನ ಸದ್ದಾದರೆ ಅಪ್ಪ ಪೇಪರ್ ಕೆಳಗಿಡುತ್ತಿದ್ದರು. ನಾನು ಕಿಟಕಿಗೆ ಹೋಗಿ ನೋಡಿ, ಬೇರೆ ಯಾರೋ ಎಂದು ಹೇಳುತ್ತಿದ್ದೆ.