ಸಂಕಕ್ಕೆ ಕೊಡುವ ಮಗು

ಕಾಸರಗೋಡು ಮದರಾಸು ಪ್ರಾಂತ್ಯದಲ್ಲಿದ್ದ ಆ ದಿನಗಳಲ್ಲಿ, ಮುಳ್ಳೇರಿಯದ ನಮಗೆ ಪ್ರವಾಸವೆಂದರೆ ವರ್ಷಕ್ಕೊಮ್ಮೆ ಎತ್ತಿನಗಾಡಿ ಕಟ್ಟಿಸಿ ಎಲ್ಲಿಗಾದರೂ ಹೋಗಿ ಬರುವುದು. ನನಗೆ ಒಂಬತ್ತು ತುಂಬಿದ ಬೇಸಿಗೆಯಲ್ಲಿ ಪಯಸ್ವಿನಿ ಹೊಳೆಯ ಹಳೆಯ ಕಲ್ಲುಸಂಕ ನೋಡಲು ಹೊರಟೆವು. ಎರಡು ಗುಡ್ಡಗಳ ನಡುವೆ, ಹೊಳೆ ತೀರಾ ಆಳದಲ್ಲಿ ಹರಿಯುವ ಕಡೆ ಬ್ರಿಟಿಷರು ಕಟ್ಟಿಸಿದ ಸೇತುವೆ ಅದು.

ಅಪ್ಪ, ಅಮ್ಮ, ನಾನು ಮತ್ತು ಸರಸು. ಸರಸು ಅಪ್ಪನ ತಂಗಿಯ ಮಗಳು, ನನಗಿಂತ ಒಂದು ವರ್ಷ ಚಿಕ್ಕವಳು. ತಂದೆತಾಯಿ ಸಿಡುಬಿಗೆ ತೀರಿಹೋದ ಮೇಲೆ ನಮ್ಮಲ್ಲೇ ಇದ್ದಳು. ಕಲ್ಲಾಟದಲ್ಲಿ ಅವಳನ್ನು ಸೋಲಿಸಲು ನನ್ನಿಂದ ಆಗುತ್ತಲೇ ಇರಲಿಲ್ಲ.

ಮಕ್ಕಳನ್ನು ಹೆದರಿಸಿ ನಗುವುದು ಅಪ್ಪನ ಚಾಳಿ. ಹಿಂದಿನ ದಿನ ಮಧ್ಯಾಹ್ನದ ಊಟಕ್ಕೆ ಕೂತಾಗ ಸರಸುವಿಗೆ ಹೇಳಿದರು: "ಆ ಸಂಕ ಕಟ್ಟುವಾಗ ಕಂಬ ನಿಲ್ಲಲೇ ಇಲ್ಲ ಮಾರಾಯ್ತಿ. ಒಂದು ಮಗುವನ್ನು ಹೊಳೆಗೆ ಕೊಟ್ಟ ಮೇಲೆ ನಿಂತದ್ದು. ಈಗ ಪುನಃ ಅಲ್ಲಾಡ್ತಾ ಉಂಟಂತೆ. ಅಪ್ಪ ಅಮ್ಮ ಇಲ್ಲದ ಮಗು ಆದ್ರೆ ಒಳ್ಳೇದಂತೆ."

"ಸುಮ್ಮನಿರಿ, ಪಾಪ," ಎಂದರು ಅಮ್ಮ. ಅವರೂ ನಗುತ್ತಿದ್ದರು.

ತಮಾಷೆಯೆಂದು ನನಗೆ ಗೊತ್ತಿತ್ತು. ಆದರೂ ಕೈ ತೊಳೆಯುವಾಗ ಅವಳ ಕಿವಿಯಲ್ಲಿ, "ನಿನಗೆ ಹೊಸ ಲಂಗ ಹೊಲಿಸಿದ್ದು ಅದಕ್ಕೇ," ಎಂದೆ.

ದಾರಿಯುದ್ದಕ್ಕೂ ಗೇರುಹಣ್ಣಿನ ವಾಸನೆ. ಅಮ್ಮ ಗಾಡಿಯಲ್ಲೇ, ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಹಲಸಿನಹಣ್ಣಿನ ಕೊಟ್ಟಿಗೆ ಕಡುಬು ಬಿಚ್ಚಿ ಕೊಟ್ಟರು. ಸರಸು ಬಾಯಿಗಿಡಲಿಲ್ಲ.

"ಎಂತ, ಹೊಟ್ಟೆನೋವಾ?"

"ಇಲ್ಲ ಅತ್ತೆ."

ಸಂಕದ ನಡುವೆ ಅಪ್ಪ ಅವಳನ್ನು ಎತ್ತಿ ಅಂಚಿನ ಕಟ್ಟೆಯ ಮೇಲೆ ನಿಲ್ಲಿಸಿದರು. ಕೆಳಗೆ, ಬಹಳ ಕೆಳಗೆ, ಕಪ್ಪು ಬಂಡೆಗಳು. "ಹೊಳೆಗೆ ಕೊಟ್ಟುಬಿಡುವಾ?" ಎಂದರು. ನಾನು ನಗು ತಡೆಯಲು ತುಟಿ ಕಚ್ಚಿಕೊಂಡು ನಿಂತಿದ್ದೆ.

ಸರಸು ಅಳಲಿಲ್ಲ. ಬಳೆಗಳನ್ನು ಒಂದೊಂದಾಗಿ ಕಳಚಿ ನನ್ನತ್ತ ಚಾಚಿದಳು. "ಅಕ್ಕ, ಇದು ನಿನಗೆ." ಆಮೇಲೆ ಅಪ್ಪನಿಗೆ, "ಮಾವ, ಲಂಗ ಹೊಸತು. ಬಿಚ್ಚಿ ಕೊಡ್ತೇನೆ, ಅಕ್ಕನಿಗೆ ಆಗ್ತದೆ," ಎಂದು ಕಣ್ಣು ಮುಚ್ಚಿದಳು.

ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಅವಳನ್ನು ಕೆಳಗಿಳಿಸಿದರು. "ನಂಬಿಯೇ ಬಿಟ್ಟಳು, ಪೆದ್ದಿ!" ಬಳೆ ಆಗಲೇ ನನ್ನ ಕೈಯಲ್ಲಿತ್ತು. ಅವಳು ಕೇಳಲಿಲ್ಲ, ನಾನು ಕೊಡಲಿಲ್ಲ.

ಮನೆಗೆ ಬಂದ ನೆಂಟರಿಗೆಲ್ಲ ಅಪ್ಪ ಈ ಕತೆ ಹೇಳುತ್ತಿದ್ದರು, ಸರಸುವನ್ನು ಎದುರೇ ನಿಲ್ಲಿಸಿಕೊಂಡು. ಅವಳು ಕಾಫಿ ಲೋಟ ಹಿಡಿದು, ನಗಬೇಕಾದಲ್ಲಿ ನಗುತ್ತಿದ್ದಳು. ಹದಿನೈದಕ್ಕೆ ಪೆರ್ಲದ ಕಡೆಯ, ಎರಡು ಮಕ್ಕಳಿದ್ದ ವಿಧುರನಿಗೆ ಅವಳನ್ನು ಮದುವೆ ಮಾಡಿಕೊಟ್ಟರು. ಒಪ್ಪಿಗೆಯೇ ಎಂದು ಯಾರೂ ಕೇಳಲಿಲ್ಲ.

ಅಪ್ಪ ಅಮ್ಮ ಇಬ್ಬರೂ ತೀರಿಹೋದ ಮೇಲೆ ಪೆರ್ಲಕ್ಕೆ ಹೋದೆ. ಆಗ ನನಗೂ ಸರಸುವಿಗೂ ತಲೆ ನರೆತಿತ್ತು. ಮನಸ್ಸು ಹಗುರ ಮಾಡಿಕೊಳ್ಳಲೆಂದು ಹೇಳಿದೆ: "ಆ ದಿನ ಅದು ತಮಾಷೆ ಅಂತ ನನಗೆ ಗೊತ್ತಿತ್ತು ಸರಸು."



"ನಿನಗೆ ಗೊತ್ತಿತ್ತಾ? ಹೆದರಿ ತುಟಿ ಕಚ್ಚಿಕೊಂಡಿದ್ದಿ ಅಂತ ಮಾಡಿದ್ದೆ. ಲಂಗದ ವಿಷಯ ಹೇಳಿದ್ದೂ ನನಗೆ ಎಚ್ಚರ ಕೊಡ್ಲಿಕ್ಕೆ ಅಂತ."

ಇಷ್ಟು ವರ್ಷ ಆ ಮನೆಯಲ್ಲಿ ತನ್ನವಳೆಂದು ಅವಳು ಎಣಿಸಿಕೊಂಡಿದ್ದದ್ದು ನನ್ನೊಬ್ಬಳನ್ನೇ. ನನ್ನ ಬಾಲ್ಯವನ್ನು ಕಂಡವರಲ್ಲಿ ಉಳಿದಿದ್ದವಳೂ ಅವಳೊಬ್ಬಳೇ. ಆಮೇಲೆಯೂ ಒಂದೆರಡು ಬಾರಿ ಹೋದೆ. ಊಟ ಬಡಿಸಿದಳು, ಕ್ಷೇಮ ಕೇಳಿದಳು. ಅಕ್ಕ ಎಂದು ಮಾತ್ರ ಮತ್ತೆ ಕರೆಯಲಿಲ್ಲ.